ಒಂದು ರೊಟ್ಟಿ, ಮೂರು ಪಾಲು: ಮಕ್ಕಳಿಗೆ ವೃತ್ತವನ್ನು ಸಮಭಾಗ ಮಾಡಲು ಕಲಿಸುವ ಬಗೆ

ಬುಟ್ಟಿಯಲ್ಲಿ ಬಿಸಿ ಜೋಳದ ರೊಟ್ಟಿ ಒಂದೇ ಉಳಿದಿದೆ. ತಿನ್ನುವವರು ಮೂವರು. ಆರು ವರ್ಷದ ಹುಡುಗಿ ಮುಂದೆ ಬಂದು "ನಾ ಪಾಲು ಮಾಡ್ತೀನಿ" ಅನ್ನುತ್ತಾಳೆ. ರೊಟ್ಟಿಯನ್ನು ನಡುವೆ ಹರಿಯುತ್ತಾಳೆ. ಆಮೇಲೆ ಅದರಲ್ಲಿ ಒಂದು ತುಂಡನ್ನು ಮತ್ತೆ ಹರಿಯುತ್ತಾಳೆ. ಮೂರು ತುಂಡು ಆಯಿತು, ಮೂರು ಮಂದಿಗೆ ಸಿಕ್ಕಿತು. ಆದರೆ ಒಬ್ಬನಿಗೆ ಅರ್ಧ ರೊಟ್ಟಿ, ಇಬ್ಬರಿಗೆ ಕಾಲು ಕಾಲು. "ಅತ್ತೀ, ನಂದು ಸಣ್ಣದಾಗ್ಯದ!" ಅನ್ನುವ ಕೂಗು ಬಂದೇ ಬರುತ್ತದೆ.

ಕಲಬುರಗಿಯ ನಮ್ಮ ಮನೆಯಲ್ಲಿ ಬೇಸಿಗೆ ರಜೆಗೆ ಅಣ್ಣನ ಮಕ್ಕಳು, ಪಕ್ಕದ ಮನೆಯ ಮಕ್ಕಳು ಸೇರಿ ಏಳು ಮಂದಿ ಆಗುತ್ತಾರೆ. ಬೆಳಿಗ್ಗೆ ಹನ್ನೊಂದಾಯಿತೆಂದರೆ ಹೊರಗೆ ಕಾಲಿಡಲಾಗದ ಬಿಸಿಲು. ಸಂಜೆವರೆಗೆ ಎಲ್ಲರೂ ಒಳಗೇ. ಆ ಹೊತ್ತಿನಲ್ಲಿ ತಾಟು, ಕಾಗದ, ಕತ್ತರಿ ಇಟ್ಟುಕೊಂಡು ನಾವು ಮಾಡಿದ ಕೆಲಸವನ್ನೇ ಇಲ್ಲಿ ಬರೆದಿದ್ದೇನೆ. ಮನೆಯಲ್ಲಿ ನಾಲ್ಕರಿಂದ ಹತ್ತು ವರ್ಷದ ಮಕ್ಕಳಿದ್ದರೆ ನೀವೂ ಮಾಡಿಸಬಹುದು.

ಆ ಹುಡುಗಿ ಮಾಡಿದ ತಪ್ಪು ದಡ್ಡತನದ್ದಲ್ಲ. ಅವಳಿಗೆ ಅರ್ಧ ಮಾಡುವುದು ಚೆನ್ನಾಗಿ ಬರುತ್ತದೆ, ಅದನ್ನೇ ಎಲ್ಲ ಕಡೆ ಬಳಸಿದಳು. ಅರ್ಧ, ಅರ್ಧದ ಅರ್ಧ ಅಂತ ಹೋದರೆ 2, 4, 8, 16 ಸಿಗುತ್ತದೆ. ಮೂರು ಯಾವತ್ತೂ ಸಿಗುವುದಿಲ್ಲ. ಮೂರಕ್ಕೆ ಬೇರೆ ದಾರಿ, ಐದಕ್ಕೆ ಬೇರೆ, ಏಳಕ್ಕೆ ಇನ್ನೂ ಬೇರೆ. ಎಷ್ಟು ಪಾಲು ಬೇಕು ಅನ್ನುವುದರ ಮೇಲೆ ದಾರಿ ಬದಲಾಗುತ್ತದೆ. ಮಕ್ಕಳಿಗೆ ಇದೊಂದು ಹೊಳೆದರೆ ಉಳಿದದ್ದು ಸಲೀಸು.

ಬೇಕಾಗುವ ಸಾಮಾನು ಎಲ್ಲ ಮನೆಯಲ್ಲೇ ಇರುತ್ತದೆ. ಹಳೆ ಪೇಪರ್ ಅಥವಾ ತೆಳುವಾದ ಬಿಳಿ ಹಾಳೆ, ಪೆನ್ಸಿಲ್, ಕತ್ತರಿ, ಒಂದು ಸಣ್ಣ ತಾಟು, ಒಂದು ಡಬ್ಬಿಯ ಮುಚ್ಚಳ, ದಾರ, ಗೆರೆ ಇರುವ ನೋಟ್‌ಬುಕ್. ಕೈವಾರ, ಕೋನಮಾಪಕ ಇರುವ ಕಂಪಾಸ್ ಬಾಕ್ಸ್ ಇದ್ದರೆ ಒಳ್ಳೆಯದು, ಆದರೆ ಅದನ್ನು ಮೊದಲೇ ಕೊಡಬೇಡಿ. ಕೋನಮಾಪಕ ಮೊದಲು ಕೈಗೆ ಬಂದರೆ ಮಗು ಅಂಕಿ ನೋಡಿ ಗೆರೆ ಹಾಕುತ್ತದೆ, ಅಷ್ಟೇ. ಪಾಲು ಸಮ ಆಗಿದೆಯೋ ಇಲ್ಲವೋ ಅಂತ ಕೈಗೆ ತಿಳಿಯುವುದು ಮಡಚಿದಾಗ.

ಮೊದಲು ಕೇಂದ್ರ ಹುಡುಕಿ

ಕಾಗದದ ಮೇಲೆ ತಾಟನ್ನು ಬೋರಲು ಹಾಕಿ, ಸುತ್ತ ಪೆನ್ಸಿಲ್ ಆಡಿಸಿ, ಕತ್ತರಿಸಿ ತೆಗೆಯಿರಿ. ಈಗ ಕೈಯಲ್ಲಿ ಒಂದು ವೃತ್ತ ಇದೆ, ಆದರೆ ಅದರ ನಡುಬಿಂದು ಎಲ್ಲಿ ಅಂತ ಗೊತ್ತಿಲ್ಲ. ಮಕ್ಕಳನ್ನು ಕೇಳಿ ನೋಡಿ. "ಇಲ್ಲೇ ಅದ" ಅಂತ ಪ್ರತಿಯೊಬ್ಬರೂ ಒಂದೊಂದು ಕಡೆ ಚುಕ್ಕಿ ಇಡುತ್ತಾರೆ. ಇಡಲಿ ಬಿಡಿ, ಅಳಿಸಬೇಡಿ.

ಆಮೇಲೆ ಕಾಗದವನ್ನು ಅಂಚಿಗೆ ಅಂಚು ಕೂಡಿಸಿ ಅರ್ಧಕ್ಕೆ ಮಡಚಿ, ಉಗುರಿನಿಂದ ಮಡಿಕೆಯನ್ನು ಒತ್ತಿ. ಬಿಚ್ಚಿ. ಸ್ವಲ್ಪ ತಿರುಗಿಸಿ, ಬೇರೆ ಕಡೆಯಿಂದ ಇನ್ನೊಮ್ಮೆ ಅರ್ಧಕ್ಕೆ ಮಡಚಿ, ಬಿಚ್ಚಿ. ಎರಡು ಮಡಿಕೆ ಗೆರೆಗಳು ಒಂದನ್ನೊಂದು ದಾಟುವ ಜಾಗವೇ ಕೇಂದ್ರ. ಮಕ್ಕಳು ಮೊದಲೇ ಇಟ್ಟ ಚುಕ್ಕಿ ಅದರಿಂದ ಎಷ್ಟು ದೂರ ಇದೆ ಅಂತ ಅವರೇ ನೋಡಿಕೊಳ್ಳಲಿ. ನಮ್ಮಲ್ಲಿ ಇದಕ್ಕೇ ಒಂದು ಪಂದ್ಯ ನಡೆಯಿತು.

ಈ ಹೆಜ್ಜೆಯನ್ನು ಬಿಟ್ಟು ಮುಂದೆ ಹೋಗಲೇಬೇಡಿ. ಸುತ್ತ ಎಷ್ಟೇ ಚೆನ್ನಾಗಿ ಗುರುತು ಹಾಕಿದರೂ ಗೆರೆ ಕೇಂದ್ರದಿಂದ ಹೊರಡದಿದ್ದರೆ ಪಾಲು ಕೆಡುತ್ತದೆ. ಸಣ್ಣ ಮಕ್ಕಳು ಮಾಡುವ ಇನ್ನೊಂದು ತಪ್ಪೂ ಇಲ್ಲೇ ಸಿಗುತ್ತದೆ. ರೊಟ್ಟಿಯನ್ನು ಪಟ್ಟಿ ಪಟ್ಟಿಯಾಗಿ, ಒಂದೇ ಅಗಲಕ್ಕೆ ಹರಿಯುತ್ತಾರೆ. ಚೌಕ ಹಾಳೆಗೆ ಅದು ನಡೆಯುತ್ತದೆ. ದುಂಡು ರೊಟ್ಟಿಯಲ್ಲಿ ನಡುವಿನ ಪಟ್ಟಿ ಉದ್ದ, ಆಚೆ ಈಚೆಯವು ಮೊಟಕು. ನಡುವಿನದು ಸಿಕ್ಕವನಿಗೆ ಜಾಸ್ತಿ. ಎರಡನ್ನೂ ಕತ್ತರಿಸಿ ಒಂದರ ಮೇಲೊಂದು ಇಟ್ಟು ತೋರಿಸಿ, ಮಾತಿನ ಅಗತ್ಯವೇ ಬೀಳುವುದಿಲ್ಲ.

ಎರಡು, ನಾಲ್ಕು, ಎಂಟು

ಇದು ಎಲ್ಲಕ್ಕಿಂತ ಸುಲಭ. ಅರ್ಧಕ್ಕೆ ಮಡಚಿದರೆ ಎರಡು. ಅದನ್ನೇ ಮತ್ತೆ ಅರ್ಧ ಮಡಚಿದರೆ ನಾಲ್ಕು. ಇನ್ನೊಮ್ಮೆ ಮಡಚಿದರೆ ಎಂಟು. ನಾಲ್ಕೈದು ವರ್ಷದವರಿಗೆ ನಾಲ್ಕರವರೆಗೆ ಸಾಕು. ಎರಡನೇ ಸಲ ಮಡಚುವಾಗ ಮೊದಲ ಮಡಿಕೆಯ ಗೆರೆ ತನ್ನ ಮೇಲೆ ತಾನೇ ಸರಿಯಾಗಿ ಕೂರಬೇಕು, ಅದನ್ನು ಮಾತ್ರ ನೋಡಿಕೊಳ್ಳಿ.

ಬಿಸಿ ರೊಟ್ಟಿಯಲ್ಲೂ ಇದನ್ನು ಮಾಡಬಹುದು, ಮೆತ್ತಗಿರುವಾಗ ಮಡಚಿದರೆ ಗೆರೆ ಬೀಳುತ್ತದೆ. ಖಡಕ್ ರೊಟ್ಟಿಯನ್ನು ಮಾತ್ರ ಮುಟ್ಟಬೇಡಿ. ಅದು ತನಗೆ ಬೇಕಾದಲ್ಲಿ ಮುರಿಯುತ್ತದೆ.

ನಾಲ್ಕು ಪಾಲು ಅಂದಾಗ ಬೀದರಿನ ಚೌಬಾರಾ ನೆನಪಾಗುತ್ತದೆ. ಊರಿನ ನಡುವೆ ನಿಂತಿರುವ, ಸುಮಾರು 71 ಅಡಿ ಎತ್ತರದ ದುಂಡು ಬುರುಜು. 'ಚೌ' ಅಂದರೆ ನಾಲ್ಕು. ನಾಲ್ಕೂ ದಿಕ್ಕಿಗೆ ಮುಖ ಮಾಡಿದ್ದು ಅನ್ನುವುದು ಹೆಸರಿನ ಅರ್ಥ. ಅಲ್ಲಿಗೆ ಹೋದರೆ ಮಕ್ಕಳ ಕೈಲಿ ಬುರುಜನ್ನು ಒಂದು ಸುತ್ತು ಹಾಕಿಸಿ. ಕಾಲು ಸುತ್ತು, ಅರ್ಧ ಸುತ್ತು, ಮುಕ್ಕಾಲು ಸುತ್ತು ಅಂತ ನಡೆಯುತ್ತಾ ಹೇಳಿಸಿದರೆ ಕಾಗದದಲ್ಲಿ ಕಂಡದ್ದು ಕಾಲಿಗೂ ತಿಳಿಯುತ್ತದೆ.

ಮೂರು ಮತ್ತು ಆರು

ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಇದು. ಅಳತೆ ಬೇಡ, ಅಂದಾಜು ಬೇಡ, ಆದರೂ ಪಾಲು ಪಕ್ಕಾ.

ವೃತ್ತದ ಕೇಂದ್ರಕ್ಕೆ ಪೆನ್ಸಿಲ್‌ನಿಂದ ಒಂದು ದಪ್ಪ ಚುಕ್ಕಿ ಇಡಿ. ಈಗ ವೃತ್ತದ ಒಂದು ಅಂಚನ್ನು ಎತ್ತಿ, ನಿಧಾನವಾಗಿ ಬಾಗಿಸಿ, ಆ ಅಂಚು ಚುಕ್ಕಿಯನ್ನು ಮುಟ್ಟುವ ಹಾಗೆ ತನ್ನಿ. ದಾಟಬಾರದು, ಕಡಿಮೆಯೂ ಬೀಳಬಾರದು, ಸುಮ್ನೆ ತಾಗಬೇಕು. ಹಾಗೇ ಹಿಡಿದು ಮಡಿಕೆ ಒತ್ತಿ. ಒಂದು ನೇರ ಅಂಚು ಸಿಕ್ಕಿತು, ಅದಕ್ಕೆ ಎರಡು ತುದಿ ಇವೆ.

ಒಂದು ತುದಿಯನ್ನು ಬೆರಳಲ್ಲಿ ಹಿಡಿದುಕೊಳ್ಳಿ. ಎರಡನೇ ಮಡಿಕೆ ಅಲ್ಲಿಂದಲೇ ಶುರುವಾಗಬೇಕು. ಪಕ್ಕದ ಅಂಚನ್ನು ಎತ್ತಿ, ಅದೂ ಚುಕ್ಕಿಯನ್ನು ತಾಗುವ ಹಾಗೆ ಮಡಚಿ. ಈಗ ಹಿಡಿದ ತುದಿಯ ಹತ್ತಿರ ಒಂದು ಚೂಪಾದ ಮೂಲೆ ಬರುತ್ತದೆ. ಉಳಿದ ಮೂರನೇ ಅಂಚನ್ನೂ ಅದೇ ರೀತಿ ಮಡಚಿದರೆ ಮೂರು ಬದಿಯೂ ಒಂದೇ ಉದ್ದದ ತ್ರಿಕೋನ. ಮೂರನೇ ಮಡಿಕೆ ತಾನಾಗಿ ಎರಡೂ ತುದಿಗೆ ಬಂದು ಕೂಡಿದಾಗ ಮಕ್ಕಳ ಮುಖ ನೋಡಬೇಕು. ನಮ್ಮ ಎಂಟು ವರ್ಷದ ಹುಡುಗ ಅದನ್ನು ಬಿಚ್ಚಿ, ಮತ್ತೆ ಮಡಚಿ, ಮತ್ತೆ ಬಿಚ್ಚಿ, ಹತ್ತು ಸಲ ಮಾಡಿದ.

ಬಿಚ್ಚಿ ನೋಡಿ. ವೃತ್ತದ ಅಂಚಿನ ಮೇಲೆ ಮೂರು ಮೂಲೆಗಳ ಗುರುತು ಇದೆ. ಪ್ರತಿ ಗುರುತಿನಿಂದ ಕೇಂದ್ರಕ್ಕೆ ಗೆರೆ ಎಳೆಯಿರಿ. ಮೂರು ಸಮಪಾಲು. ರೊಟ್ಟಿಯ ಜಗಳ ಇಲ್ಲಿಗೆ ಮುಗಿಯಿತು: ಈ ಕಾಗದವನ್ನು ರೊಟ್ಟಿ ಕೆಳಗೆ ಇಟ್ಟು, ಗೆರೆಯ ತುದಿ ನೋಡಿಕೊಂಡು ಚಾಕುವಿನಿಂದ ಕೊಯ್ದರೆ ಸಾಕು. ರೊಟ್ಟಿಗಿಂತ ಕಾಗದ ಸ್ವಲ್ಪ ದೊಡ್ಡದಿರಲಿ, ರೊಟ್ಟಿ ಅದರ ಸರಿ ನಡುವೆ ಕೂರಲಿ.

ಆರು ಬೇಕಾದರೆ ಒಂದು ಮೂಲೆಯಿಂದ ವೃತ್ತವನ್ನು ಅರ್ಧಕ್ಕೆ ಮಡಚಿ, ಉಳಿದೆರಡು ಮೂಲೆಗಳು ಒಂದರ ಮೇಲೊಂದು ಕೂರುವ ಹಾಗೆ. ಮೂರೂ ಮೂಲೆಗಳಿಂದ ಹೀಗೆ ಮಾಡಿದರೆ ಕೇಂದ್ರದಲ್ಲಿ ದಾಟುವ ಮೂರು ಗೆರೆ, ಆರು ಪಾಲು.

ಕೈವಾರ ಹಿಡಿಯಬಲ್ಲ ಮಕ್ಕಳಿಗೆ ಆರರ ಇನ್ನೊಂದು ದಾರಿ ಇದೆ. ಕೈವಾರದಿಂದ ವೃತ್ತ ಎಳೆಯಿರಿ. ಕಾಲುಗಳ ಅಗಲವನ್ನು ಮುಟ್ಟಲೇಬೇಡಿ. ಮುಳ್ಳನ್ನು ಅಂಚಿನ ಮೇಲೆ ಎಲ್ಲಾದರೂ ಊರಿ, ಪೆನ್ಸಿಲ್‌ನಿಂದ ಅದೇ ಅಂಚಿನ ಮೇಲೆ ಒಂದು ಸಣ್ಣ ಗುರುತು. ಮುಳ್ಳನ್ನು ಆ ಗುರುತಿಗೆ ತಂದು ಮುಂದಿನ ಗುರುತು. ಹೀಗೆ ನಡೆಯುತ್ತಾ ಹೋದರೆ ಆರನೇ ಹೆಜ್ಜೆಗೆ ಹೊರಟ ಜಾಗಕ್ಕೇ ಬಂದು ಮುಟ್ಟುತ್ತೀರಿ. ಕೇಂದ್ರದಿಂದ ಅಂಚಿಗೆ ಎಷ್ಟು ದೂರವೋ ಗುರುತಿನಿಂದ ಗುರುತಿಗೂ ಅಷ್ಟೇ ದೂರ. ಅದಕ್ಕೇ ಒಳಗೆ ಆರು ತ್ರಿಕೋನಗಳು ಒಂದಿಷ್ಟೂ ಸಂದು ಬಿಡದೆ ಕೂರುತ್ತವೆ. ಕೊನೆಯ ಹೆಜ್ಜೆ ಹೊರಟ ಜಾಗಕ್ಕೆ ಬರಲಿಲ್ಲ ಅಂದರೆ ನಡುವೆ ಕೈವಾರದ ಕಾಲು ಸರಿದಿದೆ. ತಿರುಪು ಬಿಗಿ ಮಾಡಿ ಮತ್ತೆ ಮಾಡಿ. ಆರು ಗುರುತಿನಲ್ಲಿ ಒಂದು ಬಿಟ್ಟು ಒಂದು ಸೇರಿಸಿದರೆ ಮೂರು.

ಆರರಿಂದ ಹನ್ನೆರಡು, ಹನ್ನೆರಡರಿಂದ 24 ಮಾಡಲು ಮತ್ತೆ ಅರ್ಧದ ಆಟ. ಕಾಗದವನ್ನು ಒಟ್ಟಿಗೆ ಮಡಚುತ್ತಾ ಹೋದರೆ ದಪ್ಪವಾಗಿ ಮಡಿಕೆ ಸರಿಯುತ್ತದೆ. ಬಿಚ್ಚಿಟ್ಟು, ಒಂದು ಗೆರೆಯನ್ನು ಪಕ್ಕದ ಗೆರೆಯ ಮೇಲೆ ಕೂರಿಸಿ ಒಂದೊಂದೇ ಮಡಿಕೆ ಹಾಕಿ. ಮೂರು ಗೆರೆಗೆ ಮೂರು ಸೇರಿ ಆರು ಗೆರೆ, ಹನ್ನೆರಡು ಪಾಲು. ಆ ಆರಕ್ಕೆ ಆರು ಸೇರಿದರೆ 24. ಈ 24 ಎಲ್ಲಿದೆ ಅಂತ ಕೇಳಿದರೆ ದೊಡ್ಡ ಮಕ್ಕಳು ತಕ್ಷಣ ಹೇಳುತ್ತಾರೆ, ನಮ್ಮ ಧ್ವಜದ ಅಶೋಕ ಚಕ್ರ. ನಮ್ಮ ಕಡೆ ಆಗಸ್ಟ್ 15ಕ್ಕೆ ಮಾತ್ರ ಅಲ್ಲ, ಸೆಪ್ಟೆಂಬರ್ 17ಕ್ಕೂ ಧ್ವಜ ಏರಿಸುತ್ತೇವೆ. 1948ರಲ್ಲಿ ಈ ಭಾಗ ನಿಜಾಮನ ಆಳ್ವಿಕೆಯಿಂದ ಬಿಡುಗಡೆಯಾದ ದಿನ ಅದು. ಹಾಗಾಗಿ ಮಕ್ಕಳು ವರ್ಷಕ್ಕೆ ಎರಡು ಸಲ ಚಕ್ರ ಬರೆಯುತ್ತಾರೆ, ಎರಡೂ ಸಲ ಗೆರೆ ಒಂದು ಕಡೆ ಕಿಕ್ಕಿರಿದು ಇನ್ನೊಂದು ಕಡೆ ಖಾಲಿ ಉಳಿಯುತ್ತದೆ. ಮಡಿಕೆಯಿಂದ ಒಮ್ಮೆ ಮಾಡಿದವರಿಗೆ ಆ ತೊಂದರೆ ಇಲ್ಲ.

ಐದಕ್ಕೆ ಗೋಡೆ ಗಡಿಯಾರ

ಮಡಚಿ ಐದು ಮಾಡುವುದು ಚಿಕ್ಕವರಿಗೆ ಕಷ್ಟ. ಆದರೆ ಗಡಿಯಾರದ ಮುಖದಲ್ಲಿ 60 ನಿಮಿಷದ ಗೆರೆಗಳು ಸಮವಾಗಿ ಹಾಕೇ ಇಟ್ಟಿವೆ, ಅಲ್ವಾ? 60ನ್ನು ಐದು ಪಾಲು ಮಾಡಿದರೆ 12. ಹಳೆಯ ಗಡಿಯಾರವನ್ನು ಇಳಿಸಿ, ಅದರ ಮೇಲೆ ನಿಮ್ಮ ಕಾಗದದ ವೃತ್ತವನ್ನು ಇಡಿ. ಮುಳ್ಳುಗಳು ತಿರುಗುವ ನಡುಬಿಂದುವಿನ ಮೇಲೆ ನಿಮ್ಮ ಕೇಂದ್ರ ಬರಬೇಕು. ಕಾಗದ ಚಿಕ್ಕದಿರಲಿ, ನಿಮಿಷದ ಗೆರೆಗಳು ಹೊರಗೆ ಕಾಣಬೇಕು. 0, 12, 24, 36, 48ನೇ ನಿಮಿಷಗಳ ಎದುರು ಕಾಗದದ ಅಂಚಿಗೆ ಗುರುತು ಹಾಕಿ. ಐದು ಪಾಲು ಆಯಿತು.

ಆರು ನಿಮಿಷಕ್ಕೊಂದು ಗುರುತು ಹಾಕಿದರೆ ಹತ್ತು ಪಾಲು. ನಾಲ್ಕು ನಿಮಿಷಕ್ಕೊಂದು ಹಾಕಿದರೆ ಹದಿನೈದು. ಮಗ್ಗಿ ಕಲಿಯುವ ವಯಸ್ಸಿನವರು ಉಳಿದದ್ದನ್ನು ತಾವೇ ಹುಡುಕುತ್ತಾರೆ.

ಐದಕ್ಕೆ ಇನ್ನೊಂದು ಚಂದದ ಆಟವಿದೆ. ಒಂದೇ ಅಗಲದ ಉದ್ದ ಕಾಗದದ ಪಟ್ಟಿಗೆ ದಾರಕ್ಕೆ ಹಾಕಿದ ಹಾಗೆ ಒಂದು ಸಾದಾ ಗಂಟು ಹಾಕಿ, ಮೆಲ್ಲಗೆ ಬಿಗಿದು, ಚಪ್ಪಟೆ ಮಾಡಿ ಒತ್ತಿ. ಗಂಟೇ ಐದು ಸಮ ಬದಿಯ ಆಕಾರ ಆಗುತ್ತದೆ.

ಏಳಕ್ಕೆ ನೋಟ್‌ಬುಕ್ಕಿನ ಗೆರೆ

ನಮ್ಮ ಮನೆಯಲ್ಲಿ ಮಕ್ಕಳು ಏಳು ಮಂದಿ, ಹಾಗಾಗಿ ಈ ಪ್ರಶ್ನೆ ಬಂದೇ ಬಂತು. ಏಳು ಹಠಮಾರಿ ಸಂಖ್ಯೆ. ಮಡಿಕೆಯಿಂದ ಸುಲಭಕ್ಕೆ ಬರುವುದಿಲ್ಲ, ಗಡಿಯಾರದ 60 ಏಳಕ್ಕೆ ಸಮ ಹೋಗುವುದಿಲ್ಲ. ಕೈವಾರ ಮತ್ತು ಅಳತೆ ಇಲ್ಲದ ಪಟ್ಟಿ, ಇವೆರಡರಿಂದಲೇ ವೃತ್ತವನ್ನು ಸರಿಯಾಗಿ ಏಳು ಪಾಲು ಮಾಡಲು ಆಗುವುದೇ ಇಲ್ಲ ಅಂತ ಗಣಿತದಲ್ಲಿ ಸಾಬೀತಾಗಿದೆ. ಆದರೆ 17 ಪಾಲು ಆಗುತ್ತದೆ! ಅದನ್ನು 1796ರಲ್ಲಿ ತೋರಿಸಿದ್ದು ಜರ್ಮನಿಯ ಗಾಸ್; ಆಗ ಆತನಿಗೆ 18 ವರ್ಷ. ಇದನ್ನು ಹೇಳಿದಾಗ ದೊಡ್ಡ ಹುಡುಗಿ "ಏಳಕ್ಕಾಗ್ದಿದ್ದು ಹದಿನೇಳಕ್ಕ ಹ್ಯಾಂಗಾಗ್ತದ?" ಅಂತ ಎರಡು ದಿನ ಕೇಳುತ್ತಲೇ ಇದ್ದಳು. ಕೇಳಲಿ. ಅಂಥ ಪ್ರಶ್ನೆ ಮನಸ್ಸಲ್ಲಿ ಉಳಿಯುವುದು ಒಳ್ಳೆಯದು.

ಕಾಗದದ ಪಟ್ಟಿಯಿಂದ ಮಾತ್ರ ಏಳೂ ಆಗುತ್ತದೆ, ಹನ್ನೊಂದೂ ಆಗುತ್ತದೆ. ದುಂಡನೆಯ ಮುಚ್ಚಳ ಒಂದನ್ನು ತೆಗೆದುಕೊಳ್ಳಿ. ಸುಮಾರು 7 ಸೆಂಟಿಮೀಟರ್ ಅಗಲದ್ದಾದರೆ ಅದರ ಸುತ್ತಳತೆ ಸುಮಾರು 22 ಸೆಂಟಿಮೀಟರ್ ಬರುತ್ತದೆ, ನೋಟ್‌ಬುಕ್ ಪುಟಕ್ಕೆ ಹಿಡಿಸುತ್ತದೆ. ಅದರ ಸುತ್ತ ಕಾಗದದ ಪಟ್ಟಿಯನ್ನು ಬಿಗಿಯಾಗಿ ಸುತ್ತಿ. ತುದಿ ಬಂದು ಕೂಡುವಲ್ಲಿ ಕತ್ತರಿಸಿ. ಈಗ ಪಟ್ಟಿಯ ಉದ್ದ ಮುಚ್ಚಳದ ಸುತ್ತಳತೆಯಷ್ಟೇ ಇದೆ.

ದೊಡ್ಡ ನೋಟ್‌ಬುಕ್ಕಿನ ಗೆರೆ ಇರುವ ಪುಟ ತೆರೆಯಿರಿ. ಪಟ್ಟಿಯ ಒಂದು ತುದಿಯನ್ನು ಮೇಲಿನ ಒಂದು ಗೆರೆಯ ಮೇಲೆ ಇಡಿ, ಅದು ಸೊನ್ನೆ. ಅಲ್ಲಿಂದ ಕೆಳಗೆ 21 ಗೆರೆ ಎಣಿಸಿ. ಪಟ್ಟಿಯನ್ನು ಓರೆ ಮಾಡುತ್ತಾ, ಇನ್ನೊಂದು ತುದಿ ಆ 21ನೇ ಗೆರೆಯ ಮೇಲೆ ಬಂದು ಕೂರುವವರೆಗೆ ತಿರುಗಿಸಿ. ಈಗ ಪ್ರತಿ ಮೂರನೇ ಗೆರೆ ಪಟ್ಟಿಯನ್ನು ದಾಟುವಲ್ಲಿ ಗುರುತು ಹಾಕಿ: 3, 6, 9, 12, 15, 18. ಪಟ್ಟಿ ಏಳು ಸಮಪಾಲು ಆಯಿತು. ಗೆರೆಗಳು ಸಮ ದೂರದಲ್ಲಿ ಇರುವುದರಿಂದ, ಪಟ್ಟಿ ಎಷ್ಟು ಓರೆಯಾಗಿದ್ದರೂ ತುಂಡುಗಳು ಸಮವಾಗಿಯೇ ಇರುತ್ತವೆ. ಪಟ್ಟಿಯನ್ನು ಮತ್ತೆ ಮುಚ್ಚಳಕ್ಕೆ ಸುತ್ತಿ, ಮುಚ್ಚಳವನ್ನು ಕಾಗದದ ಮೇಲಿಟ್ಟು ಸುತ್ತ ಗೆರೆ ಎಳೆದು, ಪಟ್ಟಿಯ ಗುರುತುಗಳನ್ನು ಕಾಗದಕ್ಕೆ ಇಳಿಸಿ. ಆ ವೃತ್ತವನ್ನು ಕತ್ತರಿಸಿ, ಮಡಚಿ ಕೇಂದ್ರ ಹುಡುಕಿ, ಗೆರೆ ಸೇರಿಸಿ. ಐದು ಬೇಕಾದರೆ 20 ಗೆರೆ ಎಣಿಸಿ, ನಾಲ್ಕಕ್ಕೊಂದು ಗುರುತು ಹಾಕಿ.

ಪಟ್ಟಿ ಸುತ್ತುವಾಗ ಸಡಿಲ ಬಿಡಬೇಡಿ. ನಮ್ಮ ಮೊದಲ ಪಟ್ಟಿ ಒಂದು ಬೆರಳಿನಷ್ಟು ಉದ್ದ ಬಂತು, ಏಳನೇ ಪಾಲು ಮೊಟಕಾಯಿತು.

ಕೊನೆಗೆ ಕೋನಮಾಪಕ

ಇಷ್ಟೆಲ್ಲ ಆದ ಮೇಲೆ ಕೋನಮಾಪಕ ಕೊಡಿ, ಈಗ ಅದು ಬೇಗ ತಿಳಿಯುತ್ತದೆ. ಒಂದು ಪೂರ್ತಿ ಸುತ್ತು 360 ಡಿಗ್ರಿ. 60ರ ಲೆಕ್ಕ ಮಾಡುತ್ತಿದ್ದ ಹಳೆಯ ಬ್ಯಾಬಿಲೋನಿಯಾದ ಕಡೆಯಿಂದ ಬಂದ ರೂಢಿ ಇದು. 1ರಿಂದ 10ರವರೆಗಿನ ಸಂಖ್ಯೆಗಳಲ್ಲಿ 360ನ್ನು ಶೇಷ ಇಲ್ಲದೆ ಭಾಗಿಸದೇ ಇರುವುದು ಒಂದೇ ಒಂದು, ನಮ್ಮ ಏಳು. ಎಂಟಕ್ಕೆ 45 ಡಿಗ್ರಿ, ಒಂಬತ್ತಕ್ಕೆ 40, ಹತ್ತಕ್ಕೆ 36, ಹನ್ನೆರಡಕ್ಕೆ 30. ಏಳಕ್ಕೆ 51 ಡಿಗ್ರಿ ಅಂತ ಹಿಡಿದರೆ ಒಟ್ಟು 357. ಉಳಿದ ಮೂರು ಡಿಗ್ರಿ ಕೊನೆಯ ಪಾಲಿಗೆ ಸೇರಿ ಅದು ದೊಡ್ಡದಾಗುತ್ತದೆ.

ಒಂದು ಎಚ್ಚರಿಕೆ. ಐದು ಪಾಲಿಗೆ 72 ಡಿಗ್ರಿ ಅಂತ ಒಂದು ಗೆರೆ ಹಾಕಿ, ಆ ಗೆರೆಗೆ ಕೋನಮಾಪಕ ಜೋಡಿಸಿ ಮತ್ತೆ 72, ಮತ್ತೆ 72 ಅಂತ ಹೋದರೆ ಪ್ರತಿ ಸಲದ ಸಣ್ಣ ತಪ್ಪು ಕೂಡುತ್ತಾ ಹೋಗುತ್ತದೆ. ಕೋನಮಾಪಕವನ್ನು ಸೊನ್ನೆ ಗೆರೆಯಿಂದ ಅಲುಗಿಸದೆ 72 ಮತ್ತು 144ಕ್ಕೆ ಗುರುತು ಹಾಕಿ. ಆಮೇಲೆ ಅದೇ ಸೊನ್ನೆ ಗೆರೆಗೆ ಕೆಳಮುಖವಾಗಿ ತಿರುಗಿಸಿಟ್ಟು, ಅದೇ ಸೊನ್ನೆಯ ತುದಿಯಿಂದ ಎಣಿಸಿ ಮತ್ತೆ 72 ಮತ್ತು 144. ಐದೂ ಗೆರೆ ಬಂತು.

ಯಾವ ದಾರಿಯಲ್ಲಿ ಮಾಡಿದರೂ ಪರೀಕ್ಷೆ ಒಂದೇ. ಪಾಲುಗಳನ್ನು ಕತ್ತರಿಸಿ, ಚೂಪು ತುದಿಗಳನ್ನು ಕೂಡಿಸಿ, ಒಂದರ ಮೇಲೊಂದು ಇಟ್ಟು ಬೆಳಕಿಗೆ ಹಿಡಿಯಿರಿ. ಹೊರಗೆ ಇಣುಕುವ ಅಂಚು ಎಷ್ಟಿದೆಯೋ ತಪ್ಪು ಅಷ್ಟು. ಇದನ್ನು ಮಕ್ಕಳೇ ನೋಡಲಿ. ನಾವು "ಸರಿ", "ತಪ್ಪು" ಅನ್ನುವ ಅಗತ್ಯವಿಲ್ಲ.

ಮನೆಯಲ್ಲಿ ಬಿದ್ರಿಯ ತಾಟೋ ಡಬ್ಬಿಯೋ ಇದ್ದರೆ ಆ ದಿನ ಹೊರಗೆ ತೆಗೆಯಿರಿ. ಸತು ಮತ್ತು ತಾಮ್ರದ ಕಪ್ಪು ಮೈ ಮೇಲೆ ಬೆಳ್ಳಿಯ ಹೂವು. ಎಸಳು ಎಷ್ಟು ಅಂತ ಎಣಿಸಲಿ. ಲೋಹವನ್ನು ಉಳಿಯಿಂದ ಕೆತ್ತಿ ಅದರಲ್ಲಿ ಬೆಳ್ಳಿ ಕೂರಿಸುತ್ತಾರೆ, ಕೆತ್ತಿದ ಗೆರೆಯನ್ನು ರಬ್ಬರಿನಿಂದ ಅಳಿಸಲಾಗದು. ಸುತ್ತಿನ ಪಾಲು ಮೊದಲೇ ಸರಿಯಾಗಿರಬೇಕು. ಎಸಳು ಎಣಿಸಿದ ಮೇಲೆ ಅದು ಯಾವ ದಾರಿಯ ಸಂಖ್ಯೆ, ಅರ್ಧದ್ದೋ, ಮೂರರದ್ದೋ, ಐದರದ್ದೋ ಅಂತ ಕೇಳಿ.

ಸಂಜೆ ಅಂಗಳದಲ್ಲಿ

ಬಿಸಿಲು ಇಳಿದ ಮೇಲೆ ಇದನ್ನೇ ದೊಡ್ಡದಾಗಿ ಮಾಡಿ. ಅಂಗಳದ ನಡುವೆ ಒಂದು ಮೊಳೆ ಊರಿ. ಎರಡು ಮೀಟರ್ ಹಗ್ಗದ ಒಂದು ತುದಿ ಮೊಳೆಗೆ, ಇನ್ನೊಂದು ತುದಿಗೆ ಸುಣ್ಣದ ಕಡ್ಡಿ ಕಟ್ಟಿ ಒಂದು ಸುತ್ತು ಬನ್ನಿ. ಹಗ್ಗ ಸುತ್ತುವಾಗ ಬಿಗಿಯಾಗಿರಲಿ. ಆಮೇಲೆ ಮೊಳೆಯಿಂದ ಹಗ್ಗ ಬಿಚ್ಚಿ. ಒಬ್ಬರು ವೃತ್ತದ ಗೆರೆಯ ಮೇಲೆ ಒಂದು ತುದಿ ಹಿಡಿದು ಕೂರಲಿ. ಇನ್ನೊಬ್ಬರು ಹಗ್ಗ ಬಿಗಿ ಎಳೆದು, ಅದು ಗೆರೆಯನ್ನು ತಾಗುವಲ್ಲಿ ಗುರುತು ಹಾಕಲಿ. ಅಲ್ಲಿಂದ ಮುಂದಕ್ಕೆ, ಮತ್ತೆ ಮುಂದಕ್ಕೆ, ಆರು ಗುರುತು.

ನಮ್ಮಲ್ಲಿ ಪ್ರತಿ ಗುರುತಿನ ಮೇಲೆ ಒಂದೊಂದು ಮಗು ನಿಂತಿತು. ಹಗ್ಗವನ್ನು ಪಕ್ಕದವರ ನಡುವೆ ಹಿಡಿದು ನೋಡಿದರು, ಎಲ್ಲ ಕಡೆ ಸರಿಯಾಗಿ ಕೂತಿತು. ಏಳನೆಯವಳು, ಎಲ್ಲರಿಗಿಂತ ಚಿಕ್ಕವಳು, ಜಾಗ ಸಿಗದೆ ಮುಖ ಸಣ್ಣ ಮಾಡಿ ಹೊರಗೆ ನಿಂತಿದ್ದಳು. ಅಣ್ಣ ಅವಳ ಕೈ ಹಿಡಿದು ಕರೆತಂದು ಮೊಳೆ ಇದ್ದ ಜಾಗದಲ್ಲಿ ನಿಲ್ಲಿಸಿದ. ಅವಳಿಂದ ಒಬ್ಬೊಬ್ಬರ ಹತ್ತಿರ ಹಗ್ಗ ಹಿಡಿದು ನೋಡಿದರು. ಅಲ್ಲೂ ಅಷ್ಟೇ ಉದ್ದ, ಆರೂ ಸಲ.